ಹುಷಾರಿಲ್ಲದೆ ಕೆಲಸ ಬಿಟ್ಟರೆ ಇಎಸ್‌ಐ ಏನಾಗುತ್ತದೆ?

ಪೀಣ್ಯದ ಒಂದು ಪ್ಯಾಕಿಂಗ್ ಯೂನಿಟ್‌ನಲ್ಲಿ ಅರ್ಧ ದಿನದ ಕೆಲಸ ನನ್ನದು. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಹಿಡಿಯುತ್ತಾರೆ. ಸೊಂಟನೋವು ಜಾಸ್ತಿಯಾಗಿದೆ, ನಿಂತು ಕೆಲಸ ಮಾಡಲು ಆಗುತ್ತಿಲ್ಲ. ಬಿಟ್ಟರೆ ಇಎಸ್‌ಐ, ಗೃಹಲಕ್ಷ್ಮಿ ಎರಡೂ ನಿಂತುಹೋಗುತ್ತವಾ? ಅನುಭವ ಇರುವವರು ಹೇಳಿ.

— ಅಕ್ಕ, ದಯವಿಟ್ಟು ಈಗಲೇ ರಾಜೀನಾಮೆ ಬರೆದು ಕೊಡಬೇಡಿ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಕೈ ನೋವು ಅಂದಾಗ ಸೂಪರ್‌ವೈಸರ್ "ಪತ್ರ ಬರೆದು ಹೋಗಮ್ಮ" ಅಂದರು. ಜೂನ್ ಮೊದಲ ವಾರ ಬರೆದು ಬಂದುಬಿಟ್ಟೆ. ಫೆಬ್ರವರಿಯಲ್ಲಿ ಆಪರೇಷನ್ ಆಯಿತು, ಆಗ ಒಂದು ರೂಪಾಯಿಯೂ ಬರಲಿಲ್ಲ. ಜನವರಿಯಿಂದ ಜೂನ್‌ವರೆಗೆ ಹುಷಾರಿಲ್ಲದ ದಿನಗಳಿಗೆ ಇಎಸ್‌ಐ ದುಡ್ಡು ಸಿಗಬೇಕಾದರೆ ಹಿಂದಿನ ಏಪ್ರಿಲ್–ಸೆಪ್ಟೆಂಬರ್‌ನಲ್ಲಿ 78 ದಿನದ ಇಎಸ್‌ಐ ಕಟ್ಟಿರಬೇಕು. ನನ್ನದು ಎರಡು ತಿಂಗಳಿಗೇ ನಿಂತಿತ್ತು.

ಕೆಲಸದಲ್ಲಿ ಇದ್ದಾಗಲೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಬರೆಸಿಕೊಂಡು ರಜೆ ಹಾಕಿದ್ದರೆ, ವರ್ಷಕ್ಕೆ 91 ದಿನದವರೆಗೆ ಸರಾಸರಿ ದಿನಗೂಲಿಯ ನೂರಕ್ಕೆ 70 ಭಾಗ ಬರುತ್ತಿತ್ತು. ದಿನಕ್ಕೆ 400 ಇದ್ದರೆ 280. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಇನ್ನೊಂದು ವಿಷಯ, ಆ ದುಡ್ಡು ಬರುತ್ತಿರುವಾಗ ಮಾಲೀಕರು ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ಕಾನೂನೇ ಹಾಗಿದೆ. ನನಗೆ ಇದನ್ನು ಆಗ ಹೇಳುವವರು ಯಾರೂ ಇರಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

— ಗೃಹಲಕ್ಷ್ಮಿಗೂ ನಿಮ್ಮ ಕೆಲಸಕ್ಕೂ ಸಂಬಂಧ ಇಲ್ಲ. ರೇಷನ್ ಕಾರ್ಡ್‌ನಲ್ಲಿ ಮನೆಯ ಯಜಮಾನಿ ನೀವಾಗಿದ್ದು, ನೀವಾಗಲಿ ಯಜಮಾನರಾಗಲಿ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟುವವರಲ್ಲದಿದ್ದರೆ ಆಯಿತು. ಕೆಲಸ ಬಿಟ್ಟರೆ 2000 ನಿಲ್ಲುವುದಿಲ್ಲ, ಸುಮ್ನೆ ಹೆದರಬೇಡಿ.

— ನಮ್ಮ ಅಣ್ಣನಿಗೆ ಟಿಬಿ ಆಗಿತ್ತು. 91 ದಿನ ಮುಗಿದ ಮೇಲೆ ಇನ್ನೇನು ಗತಿ ಅಂತ ಅತ್ತಿಗೆ ಅಳುತ್ತಿದ್ದರು. ಟಿಬಿ, ಕ್ಯಾನ್ಸರ್ ಥರದ 34 ದೊಡ್ಡ ಕಾಯಿಲೆಗಳಿಗೆ ಇಎಸ್‌ಐನಲ್ಲಿ ಬೇರೆ ಸವಲತ್ತು ಇದೆ ಅಂತ ಡಿಸ್ಪೆನ್ಸರಿಯ ನರ್ಸ್ ಹೇಳಿದರು. ದಿನಗೂಲಿಯ ನೂರಕ್ಕೆ 80 ಭಾಗ, ಎರಡು ವರ್ಷದವರೆಗೆ. ಆದರೆ ಅದಕ್ಕೆ ಮುಂಚೆ ಎರಡು ವರ್ಷ ಬಿಡದೆ ಇಎಸ್‌ಐ ಇರುವ ಕೆಲಸ ಮಾಡಿರಬೇಕು. ಅಣ್ಣನಿಗೆ ಅದು ಇತ್ತು. ಅಕ್ಕ, ನಿಮ್ಮದು ಡಿಸ್ಕ್ ತೊಂದರೆಯಾ ಅಂತ ಸ್ಕ್ಯಾನ್ ಮಾಡಿಸಿ, ಆ ಪಟ್ಟಿಗೆ ಬರುತ್ತದಾ ಅಂತ ಡಾಕ್ಟರ್‌ನ ಕೇಳಿ.

ಸರ್ಟಿಫಿಕೇಟ್ ವಾರ ವಾರ ಮುಂದುವರಿಸಬೇಕು, ಮಧ್ಯೆ ಬಿಟ್ಟರೆ ಆ ದಿನಗಳ ದುಡ್ಡು ಹೋಗುತ್ತದೆ. ಕೊಡುವ ಮುಂಚೆ ಪ್ರತಿಯೊಂದನ್ನೂ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ನಮ್ಮದು ಒಂದು ಕಳೆದುಹೋಗಿತ್ತು, ಜೆರಾಕ್ಸ್ ಇದ್ದಿದ್ದಕ್ಕೆ ದುಡ್ಡು ಬಂತು.