ಆಫ್ರಿಕಾ ಫಂಡಿಗೆ ಅಡಿಕೆ ದುಡ್ಡು ಹಾಕಬಹುದಾ? ಹಾಕಿ ನೋಡಿದವರು ಹೇಳಿ

ಕೇಳಿದವರು, ಶಿರಸಿ ಹತ್ತಿರದ ಹಳ್ಳಿ

ಈ ಸಲ ಚಾಲಿಗೆ ಒಳ್ಳೆ ದರ ಸಿಕ್ಕಿತು. ಸೊಸೈಟಿ ಸಾಲ ತೀರಿಸಿ ಆರು ಲಕ್ಷ ಉಳಿದಿದೆ. ಅಣ್ಣನ ಮಗ ನೈರೋಬಿಯಲ್ಲಿ ಕೆಲಸದಲ್ಲಿದ್ದಾನೆ. "ಚಿಕ್ಕಪ್ಪಾ, ಇಲ್ಲಿ ಎಲ್ಲಿ ನೋಡಿದರೂ ಹುಡುಗರೇ, ಊರು ಬೆಳೀತಾ ಇದೆ, ಆಫ್ರಿಕಾ ಫಂಡಿಗೆ ಹಾಕು" ಅಂತ ಫೋನ್ ಮಾಡಿದಾಗೆಲ್ಲ ಹೇಳುತ್ತಾನೆ. ಮಗಳ ಇಂಜಿನಿಯರಿಂಗ್ ಇನ್ನೂ ಎರಡು ವರ್ಷ ಇದೆ. ಇಲ್ಲಿನ ಮ್ಯೂಚುವಲ್ ಫಂಡ್ ನನಗೆ ಗೊತ್ತು, ಇದು ಗೊತ್ತಿಲ್ಲ. ಸ್ವಂತ ದುಡ್ಡು ಹಾಕಿದವರು ಯಾರಾದರೂ ಇದ್ದರೆ ಏನಾಯಿತು ಅಂತ ಬರೆಯಿರಿ.

ಕುಮಟಾದಿಂದ

ಅಣ್ಣಾ, ನಾನು ಹಾಕಿದ್ದೇನೆ. ಕಳೆದುಕೊಂಡಿದ್ದೇನೆ ಕೂಡ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಇಪ್ಪತ್ತು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಖರೀದಿ ನೋಡಿಕೊಂಡವನು. ನಮ್ಮ ಕಡೆಯ ಬೀಜ ಕೆಲವೇ ತಿಂಗಳಿಗೆ ಸಾಕಾಗುತ್ತದೆ. ಉಳಿದದ್ದು ಹಡಗಿನಲ್ಲಿ ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾದಿಂದ ಬರಬೇಕು. ಹೀಗಾಗಿ ಆಫ್ರಿಕಾ ನನಗೆ ಗೊತ್ತು ಅನ್ನಿಸಿತ್ತು. 2021ರಲ್ಲಿ ಒಂದು ಆ್ಯಪ್ ಮೂಲಕ ಅಮೆರಿಕದಲ್ಲಿ ವಹಿವಾಟಾಗುವ, ನೈಜೀರಿಯಾ ಒಂದೇ ದೇಶದ ಫಂಡಿಗೆ ಎರಡು ಲಕ್ಷ ಹಾಕಿದೆ. ಅಷ್ಟು ಜನ, ಅಷ್ಟು ಎಣ್ಣೆ, ಎಲ್ಲಿ ಹೋಗುತ್ತದೆ ಅಂದುಕೊಂಡೆ.

2023ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ತನ್ನ ಕರೆನ್ಸಿ ನೈರಾದ ದರವನ್ನು ಹಿಡಿದಿಡುವುದನ್ನು ಬಿಟ್ಟಿತು. ಡಾಲರಿಗೆ ಸುಮಾರು 460 ನೈರಾ ಇದ್ದದ್ದು ವರ್ಷದೊಳಗೆ 1,500 ದಾಟಿತು. ವಿಚಿತ್ರ ಏನು ಗೊತ್ತಾ? ಅದೇ ಹೊತ್ತಿಗೆ ಲಾಗೋಸ್ ಷೇರುಪೇಟೆ ಏರುತ್ತಾ ಇತ್ತು. 2024ರ ಜನವರಿಯಲ್ಲಿ ಅದರ ಸೂಚ್ಯಂಕ ಮೊದಲ ಸಲ ಒಂದು ಲಕ್ಷ ದಾಟಿತು. ಪೇಪರಿನಲ್ಲಿ ದಾಖಲೆ, ನನ್ನ ಖಾತೆಯಲ್ಲಿ ಕೆಂಪು. ನನಗೆ ತಲೆಬುಡ ಅರ್ಥ ಆಗಲಿಲ್ಲ. ಕೊನೆಗೆ ಮಗನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಬರೆದೆ. ನೂರು ಡಾಲರ್ ಅಂದರೆ 46,000 ನೈರಾ. ಷೇರು ಅರ್ಧದಷ್ಟು ಏರಿತು ಅಂತಲೇ ಇಟ್ಟುಕೊಳ್ಳಿ, 69,000 ಆಯಿತು. ಅದನ್ನು 1,500ರಿಂದ ಭಾಗಿಸಿದರೆ 46 ಡಾಲರ್. ಕಂಪನಿಗಳು ಚೆನ್ನಾಗಿಯೇ ಇದ್ದವು, ನನ್ನ ದುಡ್ಡು ಮಾತ್ರ ಅರ್ಧಕ್ಕಿಂತ ಕಡಿಮೆ.

ಅದಕ್ಕಿಂತ ಕಷ್ಟ ಆಗಿದ್ದು ಬಾಗಿಲಿನದ್ದು. ಫಂಡಿನವರು ಷೇರು ಮಾರಿದರೂ ಆ ನೈರಾವನ್ನು ಡಾಲರ್ ಮಾಡಿ ಹೊರಗೆ ತರಲು ಅಲ್ಲಿ ಡಾಲರೇ ಇರಲಿಲ್ಲ. ವಿದೇಶಿ ಹೂಡಿಕೆದಾರರು ಕಾಯುತ್ತಾ ಕೂತಿದ್ದರು. ಇದೇ ಕಾರಣಕ್ಕೆ, ದೇಶಗಳ ಷೇರುಪೇಟೆಗಳನ್ನು ವಿಂಗಡಿಸಿ ಪಟ್ಟಿ ಮಾಡುವ ಎಫ್‌ಟಿಎಸ್‌ಇ ರಸೆಲ್ ಅನ್ನುವ ಕಂಪನಿ 2023ರಲ್ಲಿ ನೈಜೀರಿಯಾವನ್ನು ತನ್ನ ಫ್ರಾಂಟಿಯರ್ (ಇನ್ನೂ ಚಿಕ್ಕದಾಗಿರುವ ಪೇಟೆಗಳ) ಪಟ್ಟಿಯಿಂದಲೇ ತೆಗೆಯಿತು. ನನ್ನ ಫಂಡನ್ನು ನಡೆಸುವವರು ಅದನ್ನು ಮುಚ್ಚಿಬಿಟ್ಟರು. ಎರಡು ಲಕ್ಷಕ್ಕೆ ಎಪ್ಪತ್ತೆಂಟು ಸಾವಿರ ಬಂತು.

ಫ್ಯಾಕ್ಟರಿಯಲ್ಲಿ ಲಾಟ್ ಬಂದರೆ ಚೀಲಕ್ಕೆ ಬಂಬು ಚುಚ್ಚಿ ಬೀಜ ತೆಗೆದು, ಅಡ್ಡ ಕತ್ತರಿಸಿ, ತಿರುಳು ಎಷ್ಟು, ಹುಳುಕು ಎಷ್ಟು ಅಂತ ತೂಗಿ ಆಮೇಲೆ ದರ ಮಾತಾಡುತ್ತಿದ್ದೆವು. ಫಂಡನ್ನು ಮಾತ್ರ ನಾನು ಕತ್ತರಿಸಿ ನೋಡಲೇ ಇಲ್ಲ. ಇವತ್ತಿಗೂ ಬೇಜಾರು ಅದೇ.

ನೈಜೀರಿಯಾ ಒಂದರದ್ದೇ ಕಥೆ ಅಂದುಕೊಳ್ಳಬೇಡಿ. ಈಜಿಪ್ಟಿನ ಪೌಂಡ್ 2024ರ ಮಾರ್ಚ್ 6ರಂದು ಒಂದೇ ದಿನದಲ್ಲಿ ಡಾಲರಿಗೆ 31ರಿಂದ 50ರ ಹತ್ತಿರ ಹೋಯಿತು. ಜಿಂಬಾಬ್ವೆಯಲ್ಲಿ 2020ರ ಜೂನ್ ಕೊನೆಗೆ ಸರ್ಕಾರವೇ ಷೇರುಪೇಟೆಯನ್ನು ನಿಲ್ಲಿಸಿತು, ತೆರೆದದ್ದು ಆಗಸ್ಟಿನಲ್ಲಿ. ಅಷ್ಟು ದಿನ ಮಾರುವ ಮಾತೇ ಇಲ್ಲ. ಮಗಳ ಫೀಸು ಕಟ್ಟುವ ದಿನ ಅಂಥ ಬಾಗಿಲು ಮುಚ್ಚಿದ್ದರೆ ಎಂತ ಮಾಡುತ್ತೀರಿ? ದಿನಾಂಕ ಬರೆದಿರುವ ದುಡ್ಡನ್ನು ದಯವಿಟ್ಟು ಹಾಕಬೇಡಿ.

ಕಾರವಾರದಿಂದ

ಮೇಲೆ ಬರೆದವರು ಹೇಳಿದ್ದು ಸರಿ. ನಾನು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವನು. ಮೊಂಬಾಸಾ, ಡರ್ಬನ್ ಎಲ್ಲ ಇಳಿದು ನೋಡಿದ್ದೇನೆ. ರಿಟೈರ್ ಆದ ಮೇಲೆ ಇಡೀ ಆಫ್ರಿಕಾದ ಫಂಡ್ ಒಂದನ್ನು ಕೊಂಡೆ, ಇನ್ನೂ ಇದೆ. ಒಂದು ದೇಶದ್ದಕ್ಕಿಂತ ಇದು ಕಡಿಮೆ ಕುಣಿಯುತ್ತದೆ. ಆದರೆ ಒಳಗೆ ಏನಿದೆ ಅಂತ ಬಿಚ್ಚಿ ನೋಡಿದಾಗ ಆಶ್ಚರ್ಯ ಆಯಿತು. ದೊಡ್ಡ ಪಾಲು ದಕ್ಷಿಣ ಆಫ್ರಿಕಾ. ಆಮೇಲೆ ಮೊರಾಕ್ಕೊದ ಬ್ಯಾಂಕುಗಳು. ಕೆಲವು ಗಣಿ ಕಂಪನಿಗಳು ಲಂಡನ್, ಕೆನಡಾದಲ್ಲಿ ನೋಂದಣಿ ಆದಂಥವು. ದಕ್ಷಿಣ ಆಫ್ರಿಕಾದ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವ ನ್ಯಾಸ್ಪರ್ಸ್ ಕಂಪನಿಯ ಬೆಲೆ ಬಹುಮಟ್ಟಿಗೆ ಚೀನಾದ ಟೆನ್ಸೆಂಟ್‌ನಲ್ಲಿರುವ ಪಾಲಿನಿಂದ ಬಂದದ್ದು. ಅಂದರೆ ನೈರೋಬಿಯ ಹುಡುಗರನ್ನು ನಂಬಿ ದುಡ್ಡು ಹಾಕಿದರೆ ಅದರ ಒಂದು ತುಂಡು ಚೀನಾಕ್ಕೆ ಹೋಗಿರುತ್ತದೆ. ಫಂಡಿನ ಹೆಸರು ನೋಡಬೇಡಿ, ಮೊದಲ ಹತ್ತು ಕಂಪನಿಗಳ ಪಟ್ಟಿ ತೆಗೆಸಿ ನೋಡಿ.

ನನ್ನ ಒಟ್ಟು ಉಳಿತಾಯದಲ್ಲಿ ಇದು ನೂರಕ್ಕೆ ಮೂರು ರೂಪಾಯಿ ಅಷ್ಟೇ. ಅದಕ್ಕಿಂತ ಜಾಸ್ತಿ ಮಾಡುವ ಧೈರ್ಯ ನನಗಿಲ್ಲ.

ಹೊನ್ನಾವರದಿಂದ

ವಾಟ್ಸಾಪ್‌ನಲ್ಲಿ "ಆಫ್ರಿಕಾ ಚಿನ್ನದ ಗಣಿ, ತಿಂಗಳಿಗೆ ನೂರಕ್ಕೆ ಐದು" ಅಂತ ಬಂದರೆ ತೆರೆಯಲೇ ಬೇಡಿ. ನನ್ನ ಭಾವ ಮೊದಲ ಎರಡು ತಿಂಗಳು ಬಡ್ಡಿ ಬಂತು ಅಂತ ಅತ್ತಿಗೆಯ ಬಳೆ ಅಡ ಇಟ್ಟು ಮತ್ತೆ ಹಾಕಿದರು. ಮೂರನೇ ತಿಂಗಳು ಆ ನಂಬರೇ ಇಲ್ಲ.

ಶಿರಸಿ ಪೇಟೆಯಿಂದ

ನಾನು ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಣ್ಣಾ, ನಿಮಗೆ ಒಂದು ವಿಷಯ ಖಂಡಿತ ಗೊತ್ತಿರಬೇಕು. ನಮ್ಮಲ್ಲಿ ಬಹಳ ಜನ "ಬರೀ ತೋಟದ ಆದಾಯ, ರಿಟರ್ನ್ ಬೇಡ" ಅಂತ ಸುಮ್ನೆ ಇರುತ್ತಾರೆ. ಹೊರದೇಶದ ಷೇರು, ಫಂಡ್ ಒಂದಾದರೂ ನಿಮ್ಮ ಹೆಸರಿನಲ್ಲಿ ಇದ್ದರೆ ಆ ಮಾತು ನಡೆಯುವುದಿಲ್ಲ. ಆದಾಯ ಎಷ್ಟೇ ಇರಲಿ, ರಿಟರ್ನ್ ಹಾಕಲೇಬೇಕು. ಅದರಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ತುಂಬಬೇಕು. ಆ ಶೆಡ್ಯೂಲಿನ ಲೆಕ್ಕ ಜನವರಿಯಿಂದ ಡಿಸೆಂಬರ್, ಏಪ್ರಿಲ್‌ನಿಂದ ಮಾರ್ಚ್ ಅಲ್ಲ. ಇಲ್ಲೇ ತುಂಬಾ ಜನ ಎಡವುತ್ತಾರೆ.

ದುಡ್ಡು ಕಳಿಸುವುದು ಎಲ್‌ಆರ್‌ಎಸ್ ದಾರಿಯಲ್ಲಿ, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ವ್ಯವಸ್ಥೆ. ವರ್ಷಕ್ಕೆ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ಮಿತಿ, ನಿಮಗೆ ಅದರ ಚಿಂತೆ ಇಲ್ಲ. ಹೂಡಿಕೆಗೆ ಕಳಿಸಿದ್ದು ವರ್ಷಕ್ಕೆ ಹತ್ತು ಲಕ್ಷ ದಾಟಿದರೆ ಮೇಲಿನದ್ದಕ್ಕೆ ನೂರಕ್ಕೆ ಇಪ್ಪತ್ತು ಟಿಸಿಎಸ್ (ಕಳಿಸುವಾಗಲೇ ಮುಂಗಡವಾಗಿ ತೆಗೆದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಹತ್ತು ಲಕ್ಷದ ಈ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು, ಮೊದಲು ಏಳು ಇತ್ತು. ಚಿಕ್ಕ ಮೊತ್ತವನ್ನು ಪ್ರತಿ ತಿಂಗಳು ಕಳಿಸಬೇಡಿ. ಪ್ರತಿ ಸಲ ಬ್ಯಾಂಕಿನ ಕಮಿಷನ್, ಡಾಲರ್ ದರದ ವ್ಯತ್ಯಾಸ ಎರಡೂ ಕಡಿಯುತ್ತವೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ರಾತ್ರಿ ಮನೆಯವಳಿಗೂ ಓದಿ ಹೇಳಿದೆ. ಒಂದು ಪ್ರಶ್ನೆ ಉಳಿಯಿತು. ಹುಡುಗ ಹೇಳುವ ಕೀನ್ಯಾ ಹೇಗೆ?

ಕಾರವಾರದಿಂದ

ಅವನು ಕಣ್ಣಾರೆ ನೋಡುತ್ತಿರುವುದು ಸುಳ್ಳಲ್ಲ. ಮೊಬೈಲಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಅಲ್ಲಿ 2007ರಲ್ಲೇ ಶುರುವಾಯಿತು. ನಮ್ಮಲ್ಲಿ ಯುಪಿಐ ಬರುವ ಎಷ್ಟೋ ಮೊದಲೇ ಅಲ್ಲಿನ ತರಕಾರಿ ಅಂಗಡಿಯವಳು ಮೊಬೈಲಿನಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದಳು. ಆದರೆ ನೈರೋಬಿ ಪೇಟೆಯಲ್ಲಿ ಆ ಎಂ-ಪೆಸಾ ನಡೆಸುವ ಸಫಾರಿಕಾಮ್ ಒಂದೇ ಬಹಳ ದೊಡ್ಡದು. ಕೀನ್ಯಾ ಕೊಂಡರೆ ಹೆಚ್ಚುಕಡಿಮೆ ಅದೊಂದು ಕಂಪನಿ ಮತ್ತು ನಾಲ್ಕಾರು ಬ್ಯಾಂಕುಗಳನ್ನು ಕೊಂಡ ಹಾಗೆ. ಅಲ್ಲಿನ ಕರೆನ್ಸಿ ಶಿಲ್ಲಿಂಗ್ 2024ರ ಶುರುವಿನಲ್ಲಿ ಡಾಲರಿಗೆ 160ರ ಹತ್ತಿರ ಇತ್ತು, ಅದೇ ವರ್ಷ 130ಕ್ಕೆ ಬಂತು. ಆಗ ಹಾಕಿದವರಿಗೆ ಕರೆನ್ಸಿಯಿಂದಲೇ ಲಾಭ. ಅಂದರೆ ಅದು ಎರಡೂ ಕಡೆ ತೂಗುತ್ತದೆ, ನಮ್ಮ ಕೈಯಲ್ಲಿ ಇಲ್ಲ.

ಕೇಳಿದವರು

ಸರಿ. ಫೀಸಿನ ನಾಲ್ಕು ಲಕ್ಷ ಡಿಪಾಸಿಟ್‌ನಲ್ಲಿ ಇಡುತ್ತೇನೆ. ಒಂದೂವರೆ ಲಕ್ಷ ಕೊಳೆ ರೋಗದ ವರ್ಷಕ್ಕೆ ಅಂತ ತೆಗೆದಿಡುತ್ತೇನೆ. ಉಳಿದ ಐವತ್ತು ಸಾವಿರ ಇದೆಯಲ್ಲ, ಅದನ್ನು ಹಾಕುವ ಮೊದಲು ಹುಡುಗನ ಹತ್ತಿರ ಆ ಫಂಡಿನ ಹತ್ತು ಕಂಪನಿಗಳ ಪಟ್ಟಿ ಕಳಿಸು ಅಂದಿದ್ದೇನೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಕುಮಟಾದ ತಮ್ಮಾ, ನೀವೇ ಮೊದಲು ಕತ್ತರಿಸಿ ನೋಡಬೇಕು.