ಒಬ್ಬರೇ ಇದ್ದು ‘ನಾವು’ ಅಂದರೆ?

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳಿಗೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಇದೆ. ಅಂದರೆ ಒಬ್ಬರೊಳಗೇ ಬೇರೆ ಬೇರೆ ‘ನಾನು’ಗಳಿದ್ದು, ಒಮ್ಮೆ ಒಬ್ಬರು, ಇನ್ನೊಮ್ಮೆ ಇನ್ನೊಬ್ಬರು ಮುಂದೆ ಬರುವ ಮಾನಸಿಕ ಸ್ಥಿತಿ. ಈಗ ಅದನ್ನವಳು ಮುಚ್ಚಿಡುವುದಿಲ್ಲ. ತನ್ನಂಥವರು ಯೂಟ್ಯೂಬಿನಲ್ಲಿ ಮುಖ ತೋರಿಸಿ ಮಾತಾಡುವುದನ್ನು ನೋಡಿ ಧೈರ್ಯ ಬಂದಿದೆಯಂತೆ. “ಊರಲ್ಲಿರೋ ಅಜ್ಜಿಗೆ ಓದಿ ಹೇಳೋಕೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ ಆಂಟಿ” ಅಂದಳು. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ.

‘ಬಹುವ್ಯಕ್ತಿತ್ವ’ ಅನ್ನೋಣವೆಂದರೆ ಅದು ‘ಮಲ್ಟಿಪಲ್ ಪರ್ಸನಾಲಿಟಿ’ಯ ಪಡಿಯಚ್ಚು. ಅಮೆರಿಕದ ಮನೋವೈದ್ಯರ ಕೈಪಿಡಿ ಆ ಹೆಸರನ್ನು 1994ರಲ್ಲೇ ಬಿಟ್ಟಿತು. ‘ಡಿಸೋಸಿಯೇಟಿವ್’ ಅನ್ನೋದಕ್ಕೆ ‘ವಿಘಟನೆ’ ಅಂದರೆ ಯಾವುದೋ ಸಂಘದ ಜಗಳದ ಹಾಗೆ ಕೇಳಿಸುತ್ತದೆ. ‘ಒಡೆದ ವ್ಯಕ್ತಿತ್ವ’ ನನಗೆ ಸುತರಾಂ ಬೇಡ. ಸ್ಕಿಜೋಫ್ರೇನಿಯಾ ಎಂಬ ಇನ್ನೊಂದು ಮನೋರೋಗಕ್ಕೆ ನಮ್ಮಲ್ಲಿ ‘ಇಚ್ಚಿತ್ತ ವಿಕಲತೆ’ ಅನ್ನುತ್ತಾರೆ, ಇಲ್ಲಿ ಮರಾಠಿಯಲ್ಲಿ ‘ಛಿನ್ನಮನಸ್ಕತಾ’. ಅಲ್ಲೂ ಸೀಳಿದ ಮನಸ್ಸೇ. ಅದಕ್ಕೇ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಆದರೆ ಅವು ಬೇರೆ ಬೇರೆ. ಜಪಾನಿನವರು ಸ್ಕಿಜೋಫ್ರೇನಿಯಾಕ್ಕಿದ್ದ ‘ಮನಸ್ಸು ಸೀಳಿದ ರೋಗ’ ಎಂಬ ಹೆಸರನ್ನು 2002ರಲ್ಲಿ ಬದಲಿಸಿಯೇಬಿಟ್ಟರು.

ಇನ್ನೊಂದು ಮಾತು. ಒಡೆಯಬೇಕಾದರೆ ಮೊದಲು ಮಡಕೆ ಇಡಿಯಾಗಿರಬೇಕು, ಅಲ್ವಾ? ಎಳೆಯ ವಯಸ್ಸಿನಲ್ಲಿ ಮತ್ತೆ ಮತ್ತೆ ಹಿಂಸೆ ಅನುಭವಿಸಿದ ಮಗುವಿನಲ್ಲಿ ‘ನಾನು’ ಎನ್ನುವುದು ಒಂದಾಗಿ ಕೂಡಿಕೊಳ್ಳುವುದೇ ಇಲ್ಲ ಎಂದು ಹಲವು ತಜ್ಞರು ಹೇಳುತ್ತಾರೆ. ಅಂದರೆ ಇದು ಒಡೆದದ್ದಲ್ಲ, ಕೂಡದೆ ಉಳಿದದ್ದು.

ಹೀಗೆ ಒಳಗಿರುವ ಒಬ್ಬೊಬ್ಬರಿಗೂ ಇಂಗ್ಲಿಷಿನಲ್ಲಿ ‘ಆಲ್ಟರ್’ ಅನ್ನುತ್ತಾರೆ. ಅದಕ್ಕೆ ಹುಡುಗಿ ತಾನೇ ‘ಒಳಗಿನವರು’ ಅನ್ನುತ್ತಾಳೆ. ಅವರಲ್ಲೊಬ್ಬರು ಮುಂದೆ ಬಂದು ಮಾತು, ನಡೆ ನೋಡಿಕೊಳ್ಳುವ ‘ಫ್ರಂಟಿಂಗ್’ಗೆ ‘ಎದುರಿಗಿರೋದು’. ಇವತ್ತು ಯಾರು ಎದುರಿಗಿದ್ದಾರೆ ಎಂದು ಕೇಳಿದರೆ ಸಾಕು. ಇವೆರಡನ್ನೂ ಹಾಗೇ ಇಟ್ಟುಕೊಂಡಿದ್ದೇನೆ. ‘ಮೈಮೇಲೆ ಬರೋದು’ ಅಜ್ಜಿಗೆ ತಟ್ಟನೆ ತಿಳಿಯುತ್ತದೆ ನಿಜ, ಆದರೆ ಅದು ಹೊರಗಿನಿಂದ ಏನೋ ಬಂದು ಹೊಕ್ಕ ಹಾಗೆ. ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದಾರು ಅಂತ ಬಿಟ್ಟೆ.

ಜಾಸ್ತಿ ಕಷ್ಟ ‘ನಾವು’ ಪದದ್ದು. ಒಂದು ದಿನ ಫೋನ್ ಮಾಡಿ “ನಾವು ರಾತ್ರಿ ಊಟಕ್ಕೆ ಬರ್ತೀವಿ” ಅಂದಳು. ಅಪ್ಪ ಅಮ್ಮನೂ ಬರುತ್ತಾರೆ ಅಂದುಕೊಂಡು ಮೂರು ಲೋಟ ಅಕ್ಕಿ ಇಟ್ಟೆ. ಬಂದವಳು ಒಬ್ಬಳೇ. “ನಾವೇ ಆಂಟಿ” ಅಂತ ನಕ್ಕಳು. ಮರುದಿನ ನಮಗೆಲ್ಲ ಚಿತ್ರಾನ್ನ. ಕನ್ನಡದ ‘ನಾವು’ ಕೇಳುವವರನ್ನು ಸೇರಿಸಿಕೊಂಡಿದೆಯೋ ಬಿಟ್ಟಿದೆಯೋ ಗೊತ್ತಾಗುವುದಿಲ್ಲ. ಮರಾಠಿಯಲ್ಲಿ ಅವಳಿಗೆ ‘ಆಮ್ಹಿ’ ಇದೆ, ನಿಮ್ಮನ್ನು ಬಿಟ್ಟು ನಾವು ಎಂದು. ತುಳುವಿನಲ್ಲೂ ಕೇಳುವವರನ್ನು ಸೇರಿಸಿದ ‘ನಮ’ ಬೇರೆ, ಬಿಟ್ಟ ‘ಎಂಕುಲು’ ಬೇರೆ. ನಮ್ಮಲ್ಲಿ ಒಬ್ಬರೇ ‘ನಾವು’ ಅಂದರೆ ಮಠದ ಸ್ವಾಮಿಗಳು ನೆನಪಾಗುತ್ತಾರೆ! ‘ಅವರು’ ಮಾತ್ರ ತೊಂದರೆ ಕೊಡಲಿಲ್ಲ. ಮರ್ಯಾದೆಗೂ ಆಯಿತು, ಬಹುವಚನಕ್ಕೂ ಆಯಿತು. ಒಳಗಿನವರಲ್ಲಿ ಗಂಡು ಯಾರು, ಹೆಣ್ಣು ಯಾರು ಅಂತ ಕೇಳುವ ಗೋಜೂ ಇಲ್ಲ.

ಈಗ ನನ್ನ ಪ್ರಶ್ನೆ. ‘ಒಳಗಿನವರೆಲ್ಲ ಸೇರಿದ ನಾವು’ ಎನ್ನುವುದಕ್ಕೆ ನಿಮ್ಮ ಕಡೆಯ ಮಾತಿನಲ್ಲಿ ಚಿಕ್ಕ ಪದ ಇದೆಯೇ? ಹೊಸದಾಗಿ ಕಟ್ಟಿದ್ದಾದರೂ ಸರಿ, ಅಜ್ಜಿಯ ಬಾಯಲ್ಲಿ ಸಲೀಸಾಗಿ ಹೊರಳಬೇಕು. ಹುಡುಗಿ ಭಾನುವಾರ ಊರಿಗೆ ಹೊರಡುತ್ತಾಳೆ, ಅಷ್ಟರೊಳಗೆ ಹೇಳಿ.