ಸಹಾಯ ಬೇಕು: 16ವಿ8 ಚಿಪ್‌ನ ಓಡೋ ದೀಪ ನಡುನಡುವೆ ಜಿಗೀತದ

ನಮಸ್ಕಾರ್ರೀ, ರಾಯಚೂರಿನಿಂದ ಬರೀಲಿಕತ್ತೀನಿ. ಓಣಿ ಗಣಪತಿ ಮಂಟಪಕ್ಕ ಎಂಟು ಎಲ್‌ಇಡಿ ಪಟ್ಟಿ ಒಂದರ ಹಿಂದ ಒಂದು ಹತ್ತೋ ಹಂಗ ಜಿಎಎಲ್ 16ವಿ8 (ನಾವೇ ಲಾಜಿಕ್ ಬರೆದು ತುಂಬೋ ಚಿಪ್) ಒಳಗ ರಿಂಗ್ ಕೌಂಟರ್ (ಒಂದೇ 1 ಸಾಲಾಗಿ ಸುತ್ತೋ ಸರ್ಕ್ಯೂಟ್) ಮಾಡೀನಿ. ಇಲ್ಲಿ ಅಂಗಡ್ಯಾಗ ಈ ಚಿಪ್ ಕೇಳಿದ್ರ "ಯಾವ ಟಿವಿದು?" ಅಂತಾರ, ಬೆಂಗಳೂರಿಂದ ತರಿಸೀನಿ.

ಮೊದಲ ಏಳು ಬಿಟ್ ಸೊನ್ನೆ ಇದ್ರ ಮಾತ್ರ ಹೊಸ 1 ಒಳಗ ಹೋಗ್ತದ, ಹಂಗಾಗಿ ಎರಡು ದೀಪ ಕೂಡಿ ಓಡೋ ಪ್ರಶ್ನಿ ಇಲ್ಲ. 1ನೇ ಪಿನ್ನಿಗೆ 555 ಟೈಮರ್ ಚಿಪ್‌ನ ಕ್ಲಾಕ್ (ದೀಪ ಮುಂದ ಸರಿಸೋ ಮಿಡಿತ), ಔಟ್‌ಪುಟ್ ಚಾಲೂ ಮಾಡೋ 11ನೇ ಪಿನ್ ಗ್ರೌಂಡಿಗೆ (ಎಲ್ಲಾರೂ ಮೊದಲು ಅದನ್ನೇ ಕೇಳ್ತೀರಿ!). ಚಿಪ್ ಔಟ್‌ಪುಟ್ ಹೊರಗ ಕೊಡೋದು ಬರೇ 3.2 ಮಿಲಿಆಂಪ್, ಅದಕ್ಕ ನಡುವೆ ಯುಎಲ್‌ಎನ್ 2803 (ಹೆಚ್ಚು ಕರೆಂಟ್ ತಡ್ಕೊಳ್ಳೋ ಡ್ರೈವರ್ ಚಿಪ್) ಹಾಕೀನಿ.

ಪಟ್ಟಿ ಕಿತ್ತು ಮೀಟರ್ ಹಚ್ಚಿದ್ರ ಎಣಿಕೆ ಸರಿ. 12 ವೋಲ್ಟ್ ಪಟ್ಟಿ ಜೋಡಿಸಿದ ಕೂಡ್ಲೇ ಮೂರರಿಂದ ಸೀದಾ ಐದಕ್ಕ ಹಾರ್ತದ. ಚಿಪ್ಪಿಗೆ 5 ವೋಲ್ಟ್ ಕೊಡೋ 7805ಗೂ ಪಟ್ಟಿಗೂ ಅಡಾಪ್ಟರ್ ಒಂದೇ, ಗ್ರೌಂಡ್ ಬ್ರೆಡ್‌ಬೋರ್ಡಿನ ಒಂದೇ ಸಾಲಿನಾಗ. 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 7805 ಹತ್ರ ಅದ, ಚಿಪ್ ಹತ್ರ ಇಲ್ಲ.

ನಂಗ ಗ್ರೌಂಡ್ ಮ್ಯಾಲೇ ಅನುಮಾನ. ಪಟ್ಟಿ ಗ್ರೌಂಡ್ ಬ್ಯಾರೆ ವೈರ್‌ನಾಗ ಅಡಾಪ್ಟರಿಗೇ ಒಯ್ದ್ರ ಸಾಕೇನ್ರೀ, ಕ್ಲಾಕಿಗೆ ಶ್ಮಿಟ್ ಟ್ರಿಗರ್ ಗೇಟೂ (ಗದ್ದಲದ ಸಿಗ್ನಲ್ ಚೊಕ್ಕ ಮಾಡೋದು) ಬೇಕಾ? ಸಿಗ್ನಲ್ ನೋಡಲಿಕ್ಕೆ ಆಸಿಲೋಸ್ಕೋಪ್ ಇಲ್ಲ. ಹಬ್ಬಕ್ಕ ಹದಿನೈದು ದಿನ ಉಳಿದಾವ.